ಬಲ, ಚಲನೆ, ಘರ್ಷಣೆ: ಮಕ್ಕಳಿಗೆ ಹೊಲದಾಗೇ ಕಲಿಸಿ



ಈ ವಾರ ಬೀಜ, ಗೊಬ್ಬರ, ಔಷಧಿ ಬಿಟ್ಟು ನಮ್ಮ ಮನೆ ಮಕ್ಕಳ ವಿಷಯ ಬರೆಯುತ್ತಿದ್ದೇನೆ. ಹೈಸ್ಕೂಲಿನ ವಿಜ್ಞಾನದಲ್ಲಿ ಬಲ, ಘರ್ಷಣೆ, ನ್ಯೂಟನ್ನನ ಚಲನೆಯ ನಿಯಮಗಳು ಬರುತ್ತವೆ. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆ ಬರೀತಾರೆ. ಅದೇ ಮಕ್ಕಳು ಸಂಜೆ ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ ಕೂತು ಹೊಲಕ್ಕೆ ಬರ್ತಾರೆ! ಪುಸ್ತಕದ ನಿಯಮವೇ ಆ ಟ್ರ್ಯಾಕ್ಟರನ್ನೂ ಆಳುತ್ತದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ನಮಗೆ ಇದನ್ನು ತೋರಿಸಲು ಪ್ರಯೋಗಶಾಲೆ ಬೇಕಿಲ್ಲ. ಹೊಲ, ಬಂಡಿ, ಕಾಲುವೆ ಸಾಕು.

1. ನಿಂತದ್ದು ನಿಂತೇ ಇರುತ್ತದೆ, ಓಡುವುದು ಓಡುತ್ತಲೇ ಇರುತ್ತದೆ

ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಿದ್ದೀರಲ್ಲ? ಕಲ್ಲು ಕದಲುವ ತನಕ ಎತ್ತುಗಳು ಕಾಲೂರಿ ಜಗ್ಗುತ್ತವೆ. ಒಮ್ಮೆ ಸರಿಯಿತೆಂದರೆ ಎಳೆತ ಸ್ವಲ್ಪ ಹಗುರ. ನಿಂತ ವಸ್ತು ನಿಂತೇ ಇರಲು ನೋಡುತ್ತದೆ, ಇದಕ್ಕೆ ಜಡತ್ವ ಅಂತಾರೆ. ಜೊತೆಗೆ ನಿಂತ ಕಲ್ಲನ್ನು ನೆಲ ಹಿಡಿಯುವ ಘರ್ಷಣೆ, ಸರಿಯುವ ಕಲ್ಲಿನದಕ್ಕಿಂತ ಹೆಚ್ಚು.

ಇದನ್ನೇ ತಿರುಗಿಸಿ ಹೇಳಿ: ಓಡುವ ವಸ್ತುವನ್ನು ನಿಲ್ಲಿಸುವುದೂ ಅಷ್ಟೇ ಕಷ್ಟ. 75 ಕೆ.ಜಿ.ಯ 60 ಚೀಲ ನೆಲ್ಲು ಅಂದರೆ 4,500 ಕೆ.ಜಿ., ನಾಲ್ಕೂವರೆ ಟನ್. ನಮ್ಮ ಬಹಳಷ್ಟು ಟ್ರೇಲರ್‌ಗಳಿಗೆ ಬ್ರೇಕೇ ಇರುವುದಿಲ್ಲ. ಟ್ರ್ಯಾಕ್ಟರ್ ಬ್ರೇಕ್ ಹಿಡಿದಾಗ ಅಷ್ಟೂ ತೂಕ ಹಿಂದಿನಿಂದ ತಳ್ಳುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬಾರದು, ಮೊದಲೇ ಸಣ್ಣ ಗೇರಿಗೆ ಹಾಕಬೇಕು ಅನ್ನೋದು ಇದಕ್ಕೇ.

ಮಕ್ಕಳಿಗೆ ಒಂದು ಲೆಕ್ಕವನ್ನೂ ಕೊಡಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 20 ಕಿ.ಮೀ. ವೇಗದಲ್ಲಿ 5 ಮೀಟರಿಗೆ ನಿಲ್ಲುವ ಗಾಡಿ, ಅದೇ ರಸ್ತೆಯಲ್ಲಿ 40ಕ್ಕೆ ಹೋದರೆ 20 ಮೀಟರ್ ಬೇಕು. ಬೈಕಿಗೂ ಇದೇ ಲೆಕ್ಕ.

ಮಡ್‌ಗಾರ್ಡ್ ಮೇಲೆ ಕೂತ ಮಗುವಿಗೆ ಬ್ರೇಕ್ ಇಲ್ಲ. ಟ್ರ್ಯಾಕ್ಟರ್ ನಿಂತರೂ ಮಗುವಿನ ಮೈ ಮುಂದಕ್ಕೇ ಹೋಗುತ್ತದೆ, ಬೀಳುವುದು ದೊಡ್ಡ ಗಾಲಿಯ ಹತ್ತಿರ. ಚೀಲದ ಮೇಲೆ ಕೂತವರ ಕಥೆಯೂ ಇದೇ.

2. ಘರ್ಷಣೆ ಒಂದು ಕಡೆ ಬೇಕು, ಒಂದು ಕಡೆ ಬೇಡ

ಬಂಡಿ ಅಚ್ಚಿಗೆ ಕೀಲೆಣ್ಣೆ ಹಚ್ಚೋದು ಘರ್ಷಣೆ ಕಡಿಮೆ ಮಾಡಲು. ಟೈರಿಗೆ ಗುಬುಟು ಇರೋದು ನೆಲವನ್ನು ಹಿಡಿಯಲು. ನಮ್ಮ ಎರೆ ಭೂಮಿ ಒಣಗಿದಾಗ ಗಟ್ಟಿ, ನೆನೆದರೆ ಬೆಣ್ಣೆ. ಒಂದೇ ಹೊಲ, ಎರಡು ಪಾಠ.

ನನ್ನ ಅಣ್ಣನ ಮಗ ನಾಟಿ ಹೊತ್ತಿನಲ್ಲಿ ಕೇಳಿದ: "ಕಾಕಾ, ಕೇಜ್ ವೀಲ್‌ಗೆ ರಬ್ಬರ್ ಯಾಕಿಲ್ಲ?"

ನಾನು ಉತ್ತರ ಹೇಳಲಿಲ್ಲ. "ಚಪ್ಪಲಿ ಹಾಕ್ಕೊಂಡು ಗದ್ಯಾಗ ಇಳದ್ರ ಏನಾಗ್ತದ?" ಅಂದೆ.

"ಜಾರ್ತದ."

"ಬರಿಗಾಲಾಗ?"

"ಬೆರಳು ಊರಿ ನಡಿಬಹುದು." ಸ್ವಲ್ಪ ತಡೆದು ಅವನೇ ಅಂದ: "ಹಂಗಾರ ಆ ಪಟ್ಟಿಗಳು ಬೆರಳು ಇದ್ದಂಗ!"

ಅಷ್ಟೇ ಸಾಕು. ಪಟ್ಟಿಗಳು ಕೆಸರಿನಲ್ಲಿ ಊರಿ ಅದನ್ನು ಹಿಂದಕ್ಕೆ ತಳ್ಳುತ್ತವೆ, ಕೆಸರು ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರನೇ ನಿಯಮ ಇದೇ: ಪ್ರತಿ ಕ್ರಿಯೆಗೂ ಅಷ್ಟೇ ಬಲದ, ಎದುರು ದಿಕ್ಕಿನ ಪ್ರತಿಕ್ರಿಯೆ.

ಹಸಿ ಗದ್ದೆಗೆ ಚೈನ್ ಹಾರ್ವೆಸ್ಟರ್ ಯಾಕೆ ಅಂತಲೂ ಕೇಳಿ. ತೂಕ ಕಡಿಮೆ ಆಗುವುದಿಲ್ಲ, ಆದರೆ ಅಗಲವಾದ ಜಾಗಕ್ಕೆ ಹಂಚಿಹೋಗುತ್ತದೆ. ಅದಕ್ಕೇ ಹೂತುಕೊಳ್ಳುವುದು ಕಡಿಮೆ.

3. ಹೂತ ಟ್ರ್ಯಾಕ್ಟರ್: ಇಲ್ಲಿ ತಪ್ಪಿದರೆ ಜೀವ

ಹಿಂದಿನ ಗಾಲಿ ಕೆಸರಲ್ಲಿ ಸಿಕ್ಕು ತಿರುಗದೇ ಹೋದಾಗ ಎಂಜಿನ್ನಿನ ಬಲ ಎಲ್ಲಿ ಹೋಗಬೇಕು? ಗಾಲಿ ತಿರುಗದಿದ್ದರೆ ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಮೈಯೇ ತಿರುಗಲು ನೋಡುತ್ತದೆ. ಮುಂದಿನ ಗಾಲಿ ಮೇಲೇಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗಾಡಿ ಹಿಂದಕ್ಕೆ ಮಗುಚಿ ಡ್ರೈವರ್ ಮೇಲೆ ಬೀಳಬಹುದು. ಕ್ಲಚ್ ಒತ್ತಲೂ ಪುರುಸೊತ್ತು ಸಿಗುವುದಿಲ್ಲ. ಹಾಗಾಗಿ:

- ಗಾಲಿಗೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಎಳೆಯಬೇಡಿ.
- ಮೊದಲು ಗಾಲಿ ಸುತ್ತ ಕೆಸರು ತೆಗೆದು, ರಿವರ್ಸ್‌ನಲ್ಲಿ ನಿಧಾನಕ್ಕೆ ಬರಲು ನೋಡಿ.
- ಬೇರೆ ಟ್ರ್ಯಾಕ್ಟರಿನಿಂದ ಎಳೆಸುವಾಗ ಎಳೆಯುವ ಗಾಡಿಯ ಸರಪಳಿ ಕೆಳಗಿನ ಡ್ರಾಬಾರಿಗೇ ಇರಲಿ. ಅಚ್ಚಿಗಿಂತ ಮೇಲೆ ಕಟ್ಟಿದರೆ ಅದರ ಮೂತಿಯೂ ಏಳುತ್ತದೆ.
- ಸರಪಳಿಯ ಹತ್ತಿರ ಮಕ್ಕಳು ನಿಲ್ಲಬಾರದು. ಹರಿದರೆ ಚಾಟಿಯಂತೆ ಬೀಸುತ್ತದೆ.

4. ಕಾಲುವೆ ನೀರಿನ ಬಲ

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಉದ್ದ. ನೀರನ್ನು ಅಷ್ಟು ದೂರ ತರುವುದು ಭೂಮಿಯ ಎಳೆತ ಮತ್ತು ಅಳೆದು ಕೊಟ್ಟ ಸಣ್ಣ ಇಳಿಜಾರು. ಲಿಂಗಸುಗೂರು ಕಡೆಗೆ ಬರುವ ನಾರಾಯಣಪುರ ಬಲದಂಡೆ ಕಾಲುವೆಯೂ ಹೀಗೇ. ಇಲ್ಲೂ ನಾಲ್ಕು ಪಟ್ಟಿನ ಲೆಕ್ಕವಿದೆ: ಹರಿವಿನ ವೇಗ ಎರಡು ಪಟ್ಟಾದರೆ ಕಾಲಿಗೆ ಬಡಿಯುವ ಬಲ ನಾಲ್ಕು ಪಟ್ಟು. ಪಾಚಿ ಹಿಡಿದ ಸಿಮೆಂಟಿನ ಮೇಲೆ ಘರ್ಷಣೆ ಇಲ್ಲದಂತೆಯೇ. ಮೊಣಕಾಲು ನೀರು ಅಂತ ಮಕ್ಕಳು ಇಳಿಯಬಾರದು ಅನ್ನೋದಕ್ಕೆ ಬೈಗುಳಕ್ಕಿಂತ ಈ ಕಾರಣ ಹೇಳಿ.

5. ಮೊಬೈಲ್ ಇದೆಯಲ್ಲ, ಮಾಡಿ ನೋಡಿ

- ಒಂದು ಸಣ್ಣ ಕಲ್ಲು, ಒಂದು ದೊಡ್ಡ ಕಲ್ಲು ಒಟ್ಟಿಗೆ ಬಿಡಿ. ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿ. ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ.
- ಆಮೇಲೆ ಕಾಳು, ಹೊಟ್ಟು ತೂರುವುದನ್ನು ತೆಗೆಯಿರಿ. ಇಲ್ಲಿ ಹೊಟ್ಟು ಯಾಕೆ ದೂರ ಹೋಯಿತು? ಹಗುರಾದ ಹೊಟ್ಟನ್ನು ಗಾಳಿ ತಳ್ಳಿತು. ಹಾರ್ವೆಸ್ಟರ್ ಒಳಗಿನ ಫ್ಯಾನ್ ಮಾಡುವುದೂ ಇದನ್ನೇ.
- 1 ಮೀಟರ್ ಎತ್ತರಕ್ಕೆ 3 ಮೀಟರ್ ಹಲಗೆ ಹಾಕಿ ಡ್ರಮ್ ಉರುಳಿಸಿ. ನೇರ ಎತ್ತುವುದಕ್ಕೆ ಬೇಕಾದ ಬಲದ ಸುಮಾರು ಮೂರನೇ ಒಂದು ಭಾಗ ಸಾಕು, ದೂರ ಮಾತ್ರ ಮೂರು ಪಟ್ಟು. ಖಾಲಿ ಡ್ರಮ್ ತಗೊಳ್ಳಿ, ಉರುಳುವ ದಾರಿಯಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ.

ಕಲಿಸುವಾಗ ಹೆಸರು ಆಮೇಲೆ ಹೇಳಿ, ಮೊದಲು ಪ್ರಶ್ನೆ ಕೇಳಿ. "ಏನಾಗ್ತದ ಹೇಳು?" ಅಂತ ಊಹೆ ಮಾಡಿಸಿ, ಮಾಡಿ ತೋರಿಸಿ, ಕೊನೆಗೆ "ಇದಕ್ಕೇ ಜಡತ್ವ ಅಂತಾರ" ಅನ್ನಿ. ಹೆಣ್ಣುಮಕ್ಕಳನ್ನೂ ಕರೆಯಿರಿ, ಕೇಜ್ ವೀಲ್ ಅವರಿಗೂ ಅರ್ಥ ಆಗುತ್ತದೆ.

ಇನ್ನೊಂದು ಮಾತು. ಜಡತ್ವದ ಪಾಠ ಹೇಳಿ ಅದೇ ಮಗುವನ್ನು ಮಡ್‌ಗಾರ್ಡ್ ಮೇಲೆ ಕೂಡಿಸಿಕೊಂಡು ಹೊರಟರೆ, ಮಗು ನೆನಪಿಡುವುದು ನಿಮ್ಮ ಮಾತನ್ನಲ್ಲ, ನೀವು ಮಾಡಿದ್ದನ್ನು. ಟ್ರ್ಯಾಕ್ಟರಿಗೆ ಒಂದೇ ಸೀಟು, ಅದರ ಮೇಲೆ ಒಬ್ಬರೇ. ಈ ವಾರದಿಂದಲೇ ಶುರು ಮಾಡಿ.