ಸಕ್ಕರೆಯ ಕವಚವೂ ಕೂಸಿನ ಚುಚ್ಚುಮದ್ದೂ

ಸಕ್ಕರೆಯೆಂದೊಡನೆ ನಮಗೆ ಅಡಿಗೆಮನೆಯ ಡಬ್ಬಿಯೂ ಹಬ್ಬದ ಪಾಯಸವೂ ನೆನಪಿಗೆ ಬರುವುದು ಸಹಜವೇ. ಆದರೆ ಶರೀರದೊಳಗಿನ ಸಕ್ಕರೆಯೆಲ್ಲವೂ ಉರಿದು ಶಕ್ತಿಯನ್ನು ಕೊಡುವುದಕ್ಕಾಗಿಯೇ ಇರುವುದೆಂದು ಎಣಿಸಬಾರದು. ಅದರಲ್ಲಿ ಒಂದು ಪಾಲು ಪ್ರೋಟೀನಿಗೋ ಕೊಬ್ಬಿಗೋ ಅಂಟಿಕೊಂಡು ಜೀವಕೋಶಗಳ ಹೊರಮೈಯಲ್ಲಿ ನಿಂತಿರುತ್ತದೆ. ಇಂಥ ಜೋಡುಪದಾರ್ಥಗಳಿಗೆ ಶಾಸ್ತ್ರಜ್ಞರು ಗ್ಲೈಕೋಕಾಂಜುಗೇಟ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ರಕ್ತದ ಗುಂಪುಗಳೂ ಇವುಗಳಿಂದಲೇ ಆದವು. ಕೆಂಪು ಕಣಗಳ ಮೇಲಿನ ಸಕ್ಕರೆಯ ಸರದ ತುದಿಯಲ್ಲಿ ಒಂದು ಬಗೆಯ ಸಕ್ಕರೆಯಿದ್ದರೆ ‘ಎ’, ಮತ್ತೊಂದು ಬಗೆಯದಿದ್ದರೆ ‘ಬಿ’, ಎರಡೂ ಇದ್ದರೆ ‘ಎಬಿ’, ಎರಡೂ ಇಲ್ಲದಿದ್ದರೆ ‘ಓ’.

ರೋಗಕ್ರಿಮಿಗಳಲ್ಲಿಯೂ ಕೆಲವಕ್ಕೆ ಸಕ್ಕರೆಯ ಕವಚವುಂಟು. ತಾಯಂದಿರು ತಿಳಿದಿರಬೇಕಾದ ಅಂಥ ಒಂದು ಕ್ರಿಮಿಯ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಅದರ ಹೆಸರು ಹೀಮೋಫಿಲಸ್ ಇನ್‌ಫ್ಲುಯೆಂಜೆ. ಇದೇ ಇನ್‌ಫ್ಲುಯೆಂಜಾ ಜ್ವರಕ್ಕೆ ಕಾರಣವೆಂದು 1892ರಲ್ಲಿ ಜರ್ಮನಿಯ ಫೈಫರ್ ಎಂಬವರು ಭಾವಿಸಿದರು. ಅದು ತಪ್ಪೆಂದು ತರುವಾಯ ಸಿದ್ಧವಾಯಿತು; ಹೆಸರು ಮಾತ್ರ ಹಾಗೆಯೇ ಉಳಿದುಬಿಟ್ಟಿತು! 1931ರಲ್ಲಿ ನ್ಯೂಯಾರ್ಕಿನ ರಾಕಫೆಲರ್ ಸಂಸ್ಥೆಯಲ್ಲಿ ಮಾರ್ಗರೆಟ್ ಪಿಟ್‌ಮನ್ ಎಂಬ ವಿದುಷಿಯು ಈ ಕ್ರಿಮಿಗಳಲ್ಲಿ ಕವಚವುಳ್ಳವೂ ಇಲ್ಲದವೂ ಇರುವುದನ್ನು ತೋರಿಸಿ, ಮೆನಿಂಜೈಟಿಸ್ ಎಂಬ ಮಿದುಳುಪೊರೆಯ ರೋಗವುಂಟಾದ ಮಕ್ಕಳಲ್ಲಿ ದೊರೆತವು ಬಹುತೇಕ ‘ಬಿ’ ವರ್ಗದವೆಂದು ಕಂಡುಹಿಡಿದರು. ಈ ರೋಗ ಹೆಚ್ಚಾಗಿ ಹಿಡಿಯುವುದು ಎರಡು ವರ್ಷದೊಳಗಿನ ಕೂಸುಗಳನ್ನು. ಔಷಧದಿಂದ ಪ್ರಾಣ ಉಳಿದರೂ ಕೆಲವು ಮಕ್ಕಳು ಕಿವಿ ಕೇಳಿಸದವರಾಗಿ ಮನೆಗೆ ಮರಳುವರು.

ಕವಚದ ಸಕ್ಕರೆಯೊಂದರಿಂದಲೇ ಮಾಡಿದ ಲಸಿಕೆಯು 1985ರಲ್ಲಿ ಅಮೇರಿಕದಲ್ಲಿ ಬಳಕೆಗೆ ಬಂತು. ದೊಡ್ಡ ಮಕ್ಕಳಿಗೆ ಅದರಿಂದ ಪ್ರಯೋಜನವಾಯಿತು. ಆದರೆ ಯಾರಿಗೆ ಅಪಾಯ ಅತಿ ಹೆಚ್ಚೋ ಆ ಎಳೆಯ ಕೂಸುಗಳಿಗೆ ಅದು ಏನೂ ಮಾಡಲಾರದೆ ಹೋಯಿತು. ಯಾಕಂದರೆ ರೋಗವನ್ನು ತಡೆಯುವ ಪ್ರತಿಕಾಯಗಳನ್ನು ತಯಾರಿಸುವ ಬಿಳಿ ಕಣಗಳಿಗೆ ‘ಟಿ’ ಕಣಗಳೆಂಬ ಬೇರೆ ಕಣಗಳ ನೆರವು ಬೇಕು. ‘ಟಿ’ ಕಣಗಳೋ, ಪ್ರೋಟೀನಿನ ತುಣುಕನ್ನು ಕಂಡರೆ ಎಚ್ಚರಗೊಳ್ಳುವುವೇ ಹೊರತು ಬರಿಯ ಸಕ್ಕರೆಗೆ ಓಗೊಡುವುದಿಲ್ಲ. ದೊಡ್ಡವರ ಶರೀರವು ಆ ನೆರವಿಲ್ಲದೆಯೂ ತಕ್ಕಮಟ್ಟಿಗೆ ಕೆಲಸ ಸಾಗಿಸುತ್ತದೆ, ಕೂಸಿನದು ಸಾಗಿಸಲಾರದು.

ಇದಕ್ಕೆ ಉಪಾಯವೇನು? ಅದು ಬಹು ಹಿಂದೆಯೇ ಸಿಕ್ಕಿತ್ತು. ಪಿಟ್‌ಮನ್ನರು ದುಡಿಯುತ್ತಿದ್ದ ಸಂಸ್ಥೆಯಲ್ಲಿಯೇ, ಅದೇ 1931ರಲ್ಲಿ, ಏವರಿ ಮತ್ತು ಗೋಬೆಲ್ ಎಂಬವರು ನ್ಯುಮೋನಿಯಾ ಕ್ರಿಮಿಯ ಸಕ್ಕರೆಯನ್ನು ಕುದುರೆಯ ರಕ್ತದ ಪ್ರೋಟೀನಿಗೆ ಜೋಡಿಸಿ ಮೊಲಗಳಿಗೆ ಚುಚ್ಚಿದರು. ಬರಿಯ ಸಕ್ಕರೆಗೆ ಸುಮ್ಮನಿದ್ದ ಮೊಲಗಳು ಈಗ ಪ್ರತಿಕಾಯಗಳನ್ನು ತಯಾರಿಸಿದವು. ಸಕ್ಕರೆಯನ್ನು ಹಿಡಿದ ಬಿಳಿ ಕಣವು ಅದಕ್ಕೆ ಅಂಟಿದ ಪ್ರೋಟೀನನ್ನೂ ಒಳಕ್ಕೆ ಎಳೆದುಕೊಂಡು, ಅದರ ತುಣುಕನ್ನು ‘ಟಿ’ ಕಣಕ್ಕೆ ತೋರಿಸಿ ನೆರವು ಪಡೆಯುವುದೆಂದು ಈಗ ನಾವು ಬಲ್ಲೆವು. ಇಷ್ಟು ಉಪಯುಕ್ತವಾದ ವಿಷಯವು ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಕೂಸುಗಳ ಪಾಲಿಗೆ ದೊರೆಯದೆ ಉಳಿದದ್ದು ವ್ಯಸನದ ಸಂಗತಿ.

1980ರಲ್ಲಿ ರೇಚಲ್ ಶ್ನೀರ್ಸನ್ ಎಂಬ ಮಹಿಳೆಯೂ ಅವರ ಜೊತೆಗಾರ ಜಾನ್ ರಾಬಿನ್ಸರೂ ‘ಬಿ’ ವರ್ಗದ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿದ ವಿಧಾನವನ್ನು ಪ್ರಕಟಿಸಿದರು. ಪೋರ್ಟರ್ ಆಂಡರ್ಸನ್ ಮತ್ತು ಡೇವಿಡ್ ಸ್ಮಿತ್ ಎಂಬವರು ಬೇರೊಂದು ಕಡೆ ಇದೇ ಕಾರ್ಯದಲ್ಲಿದ್ದರು. 1990ರಲ್ಲಿ ಈ ಜೋಡುಲಸಿಕೆಯು ಅಮೇರಿಕದ ಎಳೆಯ ಕೂಸುಗಳಿಗೂ ಅಂಗೀಕೃತವಾಯಿತು. ಅದಕ್ಕೆ ಮುಂಚೆ ಆ ದೇಶದಲ್ಲಿ ವರ್ಷಕ್ಕೆ ಸುಮಾರು 20,000 ಮಕ್ಕಳು ಈ ಕ್ರಿಮಿಯಿಂದ ಕಠಿಣ ರೋಗಕ್ಕೆ ತುತ್ತಾಗುತ್ತಿದ್ದರು. ಲಸಿಕೆಯ ತರುವಾಯ ಆ ಸಂಖ್ಯೆ ನೂರಕ್ಕೆ 99 ಪಾಲಿಗಿಂತಲೂ ಹೆಚ್ಚು ಇಳಿಯಿತು.

ನಮ್ಮ ದೇಶದ ಸರಕಾರಿ ಲಸಿಕಾ ಕಾರ್ಯದಲ್ಲಿ ಇದು 2011ರ ದಶಂಬರದಲ್ಲಿ ಕೇರಳ ಮತ್ತು ತಮಿಳುನಾಡುಗಳಲ್ಲಿ ಆರಂಭವಾಗಿ ಕ್ರಮೇಣ ಇತರ ಪ್ರಾಂತಗಳಿಗೂ ಬಂತು. ಕೂಸಿಗೆ 6, 10, 14 ವಾರಗಳಾದಾಗ ಕೊಡುವ ಚುಚ್ಚುಮದ್ದಿಗೆ ತಾಯಿಯ ಕಾರ್ಡಿನಲ್ಲಿ ‘ಪೆಂಟಾವೇಲೆಂಟ್’ ಎಂದು ಬರೆದಿರುತ್ತಾರೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆಯ ಒಂದು ಬಗೆ, ಇವು ನಾಲ್ಕನ್ನು ತಡೆಯುವ ಮದ್ದುಗಳೊಡನೆ ಅದರಲ್ಲಿ ಐದನೆಯದಾಗಿ ಇರುವುದು ಈ ಪ್ರೋಟೀನು ಕೂಡಿದ ಸಕ್ಕರೆ.