ಕರಡು ಕೈಗೆ ಸಿಕ್ಕಾಗ

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 1995ರಲ್ಲಿ ಪ್ಯಾರಿಸ್‌ನಲ್ಲಿ ಬಹುಪಕ್ಷೀಯ ಹೂಡಿಕೆ ಒಪ್ಪಂದದ ಮಾತುಕತೆ ಆರಂಭಿಸಿತು. ವಿದೇಶೀ ಹೂಡಿಕೆದಾರರು ಸರ್ಕಾರಗಳ ಮೇಲೆಯೇ ದಾವೆ ಹೂಡಲು ಅದರಲ್ಲಿ ಅವಕಾಶವಿತ್ತು. ಗೋಪ್ಯವಾಗಿದ್ದ ಕರಡು 1997ರಲ್ಲಿ ಅಂತರ್ಜಾಲದಲ್ಲಿ ಬಹಿರಂಗವಾಯಿತು. ಹಲವು ದೇಶಗಳ ಪರಿಸರ ಸಂಘಟನೆಗಳೂ ಕಾರ್ಮಿಕ ಸಂಘಗಳೂ ಒಂದೇ ಪಠ್ಯವನ್ನು ಓದಿ, ಆಕ್ಷೇಪಗಳನ್ನು ಇ-ಮೇಲ್ ಮೂಲಕ ಹಂಚಿಕೊಂಡು, ತಂತಮ್ಮ ಸರ್ಕಾರಗಳ ಮುಂದಿಟ್ಟವು. 1998ರ ಅಕ್ಟೋಬರಿನಲ್ಲಿ ಫ್ರಾನ್ಸ್ ಹಿಂದೆ ಸರಿಯಿತು. ವರ್ಷಾಂತ್ಯಕ್ಕೆ ಮಾತುಕತೆಯೇ ನಿಂತಿತು. ಸದಸ್ಯ ರಾಷ್ಟ್ರಗಳ ಭಿನ್ನಾಭಿಪ್ರಾಯವೂ ಇದಕ್ಕೆ ಕಾರಣವಾಗಿದ್ದಿತು. ಕೀರ್ತಿಯೆಲ್ಲವೂ ಗಣಕಯಂತ್ರಕ್ಕೆ ಸಲ್ಲದು.

ಕರಡನ್ನು ಮೊದಲೇ ಓದುವ ಈ ದಾರಿ ಇಂದು ವರ್ತಕರಿಗೂ ತೆರೆದಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಪ್ರಸ್ತಾಪಿಸುವ ತಾಂತ್ರಿಕ ನಿಯಮಗಳ ಸೂಚನೆಗಳು 'ಇ-ಪಿಂಗ್' ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಅಭಿಪ್ರಾಯ ಸಲ್ಲಿಕೆಗೆ ಕನಿಷ್ಠ 60 ದಿನಗಳ ಕಾಲಾವಕಾಶವಿರಬೇಕೆಂಬ ಶಿಫಾರಸೂ ಇದೆ. ಸರಕು ಪರದೇಶದ ಬಂದರಿನಲ್ಲಿ ತಡೆಹಿಡಿಯಲ್ಪಟ್ಟ ಮೇಲೆ ಬರೆಯುವ ಪತ್ರಕ್ಕಿಂತ ಆ ಅವಧಿಯೊಳಗೆ ಬರೆದ ಪತ್ರಕ್ಕೆ ಬೆಲೆ ಹೆಚ್ಚು.