ಕಾಯಿಲ್ ಸುತ್ತಿದ ಕೈ

ಹಾಸನ ಜಿಲ್ಲೆಯ ನಮ್ಮ ಗಂಡಸಿ ಕಡೆಯ ಹುಡುಗರು ಫೋನ್ ಮಾಡಿದರೆ ಮೊದಲು ಕೇಳುವುದು, "ಸಾರ್, ಫಿಸಿಕ್ಸ್ ತಗೊಂಡ್ರೆ ಲೆಕ್ಚರರ್ ಬಿಟ್ಟು ಬೇರೇನಾದ್ರೂ ಆಗಬಹುದಾ?" ಸ್ವಲ್ಪ ತಡೆದು ಇನ್ನೊಂದು ಕೇಳುತ್ತಾರೆ: "ಅದಕ್ಕೆ ತುಂಬಾ ತಲೆ ಬೇಕಂತಲ್ಲ?" ಎರಡನೆಯದಕ್ಕೆ ಉತ್ತರಿಸಬೇಕಾದರೆ ನಾನು ಮಾವನ ಅಂಗಡಿಯಿಂದಲೇ ಶುರು ಮಾಡಬೇಕು.

ನಮ್ಮ ತೆಂಗಿನ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಬೋರ್‌ವೆಲ್ ಮೋಟಾರುಗಳು ಸುಡುವ ಕಾಲ. ಪಿಯುಸಿ ರಜೆಯಲ್ಲಿ ನಾನು ಮಾವನ ವೈಂಡಿಂಗ್ ಅಂಗಡಿಯಲ್ಲಿ ಕೂರುತ್ತಿದ್ದೆ. ಮೂರು ಫೇಸಿನಲ್ಲಿ ಒಂದು ಹೋದರೂ ಓಡುತ್ತಿರುವ ಮೋಟಾರು ತಕ್ಷಣ ನಿಲ್ಲುವುದಿಲ್ಲ. ಅದೇ ಹೊರೆಯನ್ನು ಎಳೆಯಲು ಉಳಿದೆರಡು ಫೇಸಿನಲ್ಲಿ ಸುಮಾರು ಒಂದೂಮುಕ್ಕಾಲು ಪಟ್ಟು ಕರೆಂಟು ಎಳೆಯುತ್ತದೆ. ಕರೆಂಟಿನ ವರ್ಗಕ್ಕೆ ತಕ್ಕಂತೆ ಶಾಖ ಏರುವುದರಿಂದ ಆ ಸುರುಳಿಗಳಲ್ಲಿ ಮೂರು ಪಟ್ಟು ಕಾವು. ಸೂತ್ರ ನನ್ನ ಪುಸ್ತಕದಲ್ಲಿತ್ತು, ಸುಟ್ಟ ವಾಸನೆ ಅಂಗಡಿಯಲ್ಲಿತ್ತು. ಎರಡೂ ಒಂದೇ ಎಂದು ಹೊಳೆದದ್ದು ಅಲ್ಲಿ ಕೂತಾಗ. ಸೂತ್ರ ಓದದ ಮಾವ ಮೋಟಾರು ಬಿಚ್ಚಿ ನೋಡಿಯೇ ಹೇಳಿಬಿಡುತ್ತಿದ್ದರು: ಎರಡು ಫೇಸು ಕಪ್ಪಾಗಿ ಒಂದು ಹಾಗೇ ಇದ್ದರೆ ಸಿಂಗಲ್ ಫೇಸಿಂಗ್, ಎಲ್ಲವೂ ಒಂದೇ ಸಮ ಬೆಂದಿದ್ದರೆ ಬೋರು ಬತ್ತಿ ನೀರಿಲ್ಲದೆ ಓಡಿದ್ದು. ಸುತ್ತು ಎಣಿಸುವಾಗ ಮಾತಾಡಿಸಿದರೆ ಬೈಗುಳ ಗ್ಯಾರಂಟಿ.

ಹಾಸನದಲ್ಲಿ ಬಿ.ಎಸ್ಸಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ, ಆಮೇಲೆ ನೆಟ್ ಪಾಸು ಮಾಡಿ ಬೆಂಗಳೂರು. ಈ ಭಾಗದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ, ಎಲ್ಲರ ಹಾಗೆ ಹಾಸ್ಟೆಲು, ನೋಟ್ಸು, ಪರೀಕ್ಷೆ.

ಸೇರಿದ ಲ್ಯಾಬಿನಲ್ಲಿ ವಸ್ತುಗಳನ್ನು ದ್ರವ ಹೀಲಿಯಂನಲ್ಲಿ, ಅಂದರೆ 4.2 ಕೆಲ್ವಿನ್‌ಗೆ ತಣಿಸಿ ಅಳೆಯುತ್ತಿದ್ದರು. ನನ್ನ ಜೊತೆಗೆ ಬಂದವರಲ್ಲಿ ಬೋರ್ಡಿನ ಮೇಲೆ ನನಗಿಂತ ಚುರುಕಾಗಿ ಲೆಕ್ಕ ಮಾಡುವವರು ಬೇಕಾದಷ್ಟಿದ್ದರು. ಆದರೆ ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕಬೇಕು, ವ್ಯಾಕ್ಯೂಮ್ ಎಲ್ಲಿ ಸೋರುತ್ತಿದೆ ಎಂದು ಒಂದೊಂದೇ ಜಾಯಿಂಟು ಪರೀಕ್ಷಿಸಬೇಕು ಎಂದಾಗ ಹುಡುಕುತ್ತಿದ್ದದ್ದು ನನ್ನನ್ನು. ಅಲ್ಲಿನ ಸೂಪರ್‌ಕಂಡಕ್ಟಿಂಗ್, ಅಂದರೆ ಕರೆಂಟಿಗೆ ಪ್ರತಿರೋಧವೇ ಇಲ್ಲದ, ಅಯಸ್ಕಾಂತವೂ ಒಂದು ವೈಂಡಿಂಗೇ: ನಿಯೋಬಿಯಂ-ಟೈಟಾನಿಯಂ ತಂತಿಯ ಸಾವಿರಾರು ಸುತ್ತು. ಒಂದು ಕಡೆ ತುಸು ಬಿಸಿಯಾದರೆ ಅಲ್ಲಿ ಪ್ರತಿರೋಧ ಹುಟ್ಟಿ, ಆ ಕಾವು ಪಕ್ಕದ ಸುತ್ತಿಗೆ ಹರಡಿ, ಕ್ಷಣದಲ್ಲಿ ಹೀಲಿಯಂ ಆವಿಯಾಗಿ ಹೋಗುತ್ತದೆ. ನಮ್ಮ ದೇಶಕ್ಕೆ ಬಹುಪಾಲು ಹೀಲಿಯಂ ಹೊರಗಿನಿಂದಲೇ ಬರಬೇಕಾದ್ದರಿಂದ ಆ ಆವಿ ದುಬಾರಿ ಆವಿ.

ಕೈಕೆಲಸ ಬಲ್ಲವರು ಹೀಗೆ ಬೇಕಾಗುವುದು ನಮ್ಮ ಲ್ಯಾಬಿನ ವಿಶೇಷವೇನಲ್ಲ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ 1908ರಲ್ಲಿ ಮೊದಲ ಬಾರಿ ಹೀಲಿಯಂ ದ್ರವ ಮಾಡಿದ ಕಾಮರ್ಲಿಂಗ್ ಓನ್ನೆಸ್, ಅದಕ್ಕೂ ಮುಂಚೆ 1901ರಲ್ಲೇ ಉಪಕರಣ ಮಾಡುವವರನ್ನು ತಯಾರು ಮಾಡಲು ಒಂದು ಶಾಲೆ ತೆರೆದಿದ್ದರು. 1911ರಲ್ಲಿ ಪಾದರಸದ ಪ್ರತಿರೋಧ ಏಕಾಏಕಿ ಮಾಯವಾದಾಗ ಅಳತೆಗೆ ಕೂತಿದ್ದವರು ಗಿಲ್ಲೆಸ್ ಹೋಲ್ಸ್ಟ್, ತಣಿಸುವ ಯಂತ್ರ ನೋಡಿಕೊಂಡವರು ಖೆರಿಟ್ ಫ್ಲಿಮ್. 1913ರ ನೊಬೆಲ್ ಓನ್ನೆಸ್ ಒಬ್ಬರಿಗೇ ಹೋಯಿತು, ಅದು ಬೇರೆ ಮಾತು.

ಹಾಗಾಗಿ ಡಿಗ್ರಿಯಲ್ಲಿ ಪ್ರಾಕ್ಟಿಕಲ್ ರೆಕಾರ್ಡನ್ನು ಸೀನಿಯರ್‌ಗಳಿಂದ ನಕಲು ಮಾಡುವ ಪದ್ಧತಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಪಂಪ್‌ಸೆಟ್ ಬಿಚ್ಚಿ ಜೋಡಿಸಬಲ್ಲ ಹುಡುಗ ಗ್ಯಾಲ್ವನೋಮೀಟರ್ ಮುಟ್ಟದೆ ಪದವಿ ಪಡೆಯುತ್ತಾನೆ!

ನಮ್ಮ ಕಡೆ ಕೈಗೆ ಬರವಿಲ್ಲ, ಬಾಗಿಲು ಎಲ್ಲಿದೆ ಎಂಬ ಸುದ್ದಿಗೆ ಬರ. ಹಾಸನದಲ್ಲೇ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ, ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಪ್ರಥಮ ದರ್ಜೆ ಬಿ.ಎಸ್ಸಿಯವರನ್ನೂ ಇಸ್ರೋ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆಗೆ ಕರೆಯುತ್ತದೆ ಎಂಬುದು ಬಸ್ಸಿನಲ್ಲಿ ಅದೇ ದಾರಿ ಓಡಾಡುವ ಹುಡುಗರಿಗೇ ಗೊತ್ತಿಲ್ಲ. ಕೊನೆಯ ವರ್ಷದ ಬಿ.ಎಸ್ಸಿಯಲ್ಲಿರುವಾಗಲೇ ಜ್ಯಾಮ್ ಪ್ರವೇಶ ಪರೀಕ್ಷೆ ಬರೆಯಬಹುದು. ಐಐಟಿಗಳ ಎಂ.ಎಸ್ಸಿಗೂ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿಗೂ ಅದೇ ದಾರಿ. ಬೇಸಿಗೆಯಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡಲು, 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಫೆಲೋಶಿಪ್ ಇದೆ.

ಮನೆಯಲ್ಲಿ ಕೇಳುವುದು ಇದ್ಯಾವುದನ್ನೂ ಅಲ್ಲ. "ಇಪ್ಪತ್ತೈದಾದ್ರೂ ಇನ್ನೂ ಓದೋದೇನೋ?" ಎಂದು ಅಪ್ಪ ಕೇಳಿದಾಗ ಸಂಶೋಧನೆಯ ಮಹತ್ವ ವಿವರಿಸಹೋಗಿ ಉಪಯೋಗವಾಗಲಿಲ್ಲ. ಫೆಲೋಶಿಪ್ ಹಣ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಹೇಳಿದ ಮೇಲೆ ಮಾತು ಮೆತ್ತಗಾಯಿತು. 2023ರಿಂದ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಸೇರಿದವರ ಜೂನಿಯರ್ ರಿಸರ್ಚ್ ಫೆಲೋಶಿಪ್, ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಫೋನ್ ಮಾಡುವ ಹುಡುಗರಿಗೆ ಈಗ ಮೊದಲು ಈ ಅಂಕಿಯನ್ನೇ ಬರೆಸುತ್ತೇನೆ, ಕ್ವಾಂಟಂ ಆಮೇಲೆ.